ಜತನ ಮಾಡಿ ಇಟ್ಟದ್ದೇ ಯಾಕ ಸಿಗವಲ್ದು?

(ಪಾಡ್‌ಕಾಸ್ಟ್ ಕಂತಿನ ಪಠ್ಯರೂಪ)

ಇವತ್ತಿನ ಮಾತು ಮನೆಯೊಳಗೇ ಇದ್ದು ಕೈಗೆ ಸಿಗದ ಸಾಮಾನುಗಳ ಬಗ್ಗೆ. ಕೀಲಿಕೈ, ರಿಮೋಟು, ಚಾರ್ಜರು, ಚಸ್ಮಾ, ಗ್ಯಾಸ್ ಬುಕ್ಕು, ಆಧಾರ್ ಕಾರ್ಡು. ಯಾರೂ ಕದ್ದಿಲ್ಲ, ಎಲ್ಲೂ ಬಿದ್ದಿಲ್ಲ, ಮನೆಯಲ್ಲೇ ಇದೆ. ಆದ್ರೆ ಬೇಕಾದಾಗ ಇಲ್ಲ.

ಇದೇನು ದೊಡ್ಡ ವಿಷಯ ಅಂತ ನೀವು ಕೇಳಬಹುದು. ಚಾರ್ಜರ್ ಸಿಗದಿದ್ರೆ ಪ್ರಪಂಚ ಮುಳುಗೋದಿಲ್ಲ, ಸರಿ. ಆದ್ರೆ ಇವತ್ತು ಈ ಮಾತನ್ನ ಕಾಗಿಣಾ ನದಿ ದಂಡೆಯ ಒಂದು ಊರಿನಲ್ಲಿ ನಿಂತು ನೋಡೋಣ. ಕಲಬುರಗಿ ಜಿಲ್ಲೆ, ಚಿತ್ತಾಪುರ ತಾಲೂಕು, ದಂಡೋತಿ. ಮಳೆಗಾಲದಲ್ಲಿ ಆ ಕಡೆಯ ಸುದ್ದಿ ನೋಡೋರಿಗೆ ಈ ಹೆಸರು ಹೊಸದಲ್ಲ. ಕಾಗಿಣಾ ತುಂಬಿ ಬಂದ್ರೆ ದಂಡೋತಿ ಸೇತುವೆ ಮುಳುಗ್ತದೆ, ಸಂಚಾರ ಬಂದ್ ಆಗ್ತದೆ. ಅಂಥ ಊರಲ್ಲಿ "ಆ ಕಾಗದ ಎಲ್ಲಿ ಇಟ್ಟೀವಿ" ಅನ್ನೋ ಪ್ರಶ್ನೆಗೆ ತೂಕನೇ ಬೇರೆ. ಅಲ್ಲಿಗೆ ಆಮೇಲೆ ಬರ್ತೀನಿ.

ಮೊದಲು ಒಂದು ಮಾಮೂಲಿ ಮುಂಜಾನೆ ತಗೊಳ್ಳೋಣ. ಕಾಲೇಜಿಗೆ ಹೋಗೋ ಹುಡುಗ, ಬಸ್ ಟೈಮ್ ಆಗಿದೆ.

"ಅವ್ವಾ, ನನ್ನ ಚಾರ್ಜರ್ ಎಲ್ಲದ?"

"ಅಲ್ಲೇ ಟಿವಿ ಮಗ್ಗಲ ಅದ ನೋಡು."

"ಇಲ್ಲಿ ಇಲ್ಲಬೇ."

"ಕಣ್ ತೆರದು ನೋಡೋ ತಮ್ಮಾ."

"ನೋಡ್ಲತ್ತೀನಿ, ಕಾಣವಲ್ದು."

"ನಾ ಬಂದು ತೋರಿಸಿದ್ರ ಏನ್ ಮಾಡ್ತಿ?"

ಅವ್ವ ಕೈ ಒರೆಸಿಕೊಂಡು ಬರ್ತಾಳೆ. ಟಿವಿ ಪಕ್ಕದ ಪೇಪರ್ ಸರಿಸ್ತಾಳೆ. ಅಲ್ಲೇ ಇರ್ತದೆ. ಈ ಸೀನು ಸೇಡಂನಲ್ಲೂ ಅಷ್ಟೆ, ವಾಡಿಯಲ್ಲೂ ಅಷ್ಟೆ, ಬೆಂಗಳೂರಿನ ಪಿಜಿಯಲ್ಲಿ ಮಾತ್ರ ಅವ್ವನ ಪಾತ್ರ ರೂಮ್‌ಮೇಟ್ ಮಾಡ್ತಾನೆ, ಅಷ್ಟೇನೂ ಚೆನ್ನಾಗಿ ಮಾಡಲ್ಲ.

ಹುಡುಗನಿಗೆ ಯಾಕೆ ಕಾಣಲಿಲ್ಲ? ಅವನು ಸುಳ್ಳು ಹೇಳ್ತಿರಲಿಲ್ಲ, ನಿಜವಾಗಿ ನೋಡಿದ್ದ. ಆದ್ರೆ ನಾವು ಹುಡುಕುವಾಗ ಕಣ್ಣಿನಿಂದ ಮಾತ್ರ ಹುಡುಕಲ್ಲ, ತಲೆಯಲ್ಲಿರೋ ಒಂದು ಚಿತ್ರದಿಂದ ಹುಡುಕ್ತೀವಿ. ಅವನ ತಲೆಯಲ್ಲಿ ಇದ್ದದ್ದು ಪೂರ್ತಿ ಚಾರ್ಜರಿನ ಚಿತ್ರ. ಮೇಜಿನ ಮೇಲೆ ಕಾಣ್ತಿದ್ದದ್ದು ಪೇಪರ್ ಕೆಳಗಿಂದ ಹೊರಗೆ ಬಂದ ಎರಡು ಇಂಚು ವೈರು. ಚಿತ್ರಕ್ಕೆ ಹೊಂದಲಿಲ್ಲ, ಕಣ್ಣು ದಾಟಿ ಹೋಯ್ತು. ಅವ್ವ ಚಾರ್ಜರ್ ಹುಡುಕಲಿಲ್ಲ, ಪೇಪರ್ ಎತ್ತಿದಳು. ವ್ಯತ್ಯಾಸ ಅಷ್ಟೇ.

ಈ ಬಗ್ಗೆ ಒಂದು ಮಜಾ ಸಂಶೋಧನೆ ಇದೆ. 2012ರಲ್ಲಿ ಅಮೆರಿಕದ ಗ್ಯಾರಿ ಲುಪ್ಯಾನ್ ಮತ್ತು ಡೇನಿಯಲ್ ಸ್ವಿಂಗ್ಲಿ ಅನ್ನೋ ಇಬ್ಬರು ಮನೋವಿಜ್ಞಾನಿಗಳು ಪ್ರಕಟಿಸಿದ್ದು. ಹುಡುಕ್ತಿರೋ ವಸ್ತುವಿನ ಹೆಸರನ್ನ ಬಾಯಿಬಿಟ್ಟು ಹೇಳ್ಕೊಂಡ್ರೆ ಅದು ಬೇಗ ಸಿಗುತ್ತಾ ಅಂತ ಪರೀಕ್ಷೆ ಮಾಡಿದ್ರು. ಸಿಗುತ್ತೆ. ಆದ್ರೆ ಒಂದು ಷರತ್ತು: ಆ ವಸ್ತು ಹೆಸರಿಗೆ ತಕ್ಕಂಗೆ, ನಮಗೆ ಗೊತ್ತಿರೋ ರೂಪದಲ್ಲೇ ಕಾಣ್ತಿರಬೇಕು. ಹಂಗಿಲ್ಲದಿದ್ರೆ ಹೆಸರು ಹೇಳೋದರಿಂದ ಉಪಯೋಗ ಇಲ್ಲ, ಉಲ್ಟಾ ತಡ ಆಗಬಹುದು. ಹಂಗಾಗಿ ಮನೆಯಲ್ಲಿ ಯಾರಾದ್ರೂ "ಚಸ್ಮಾ, ಚಸ್ಮಾ, ಚಸ್ಮಾ" ಅಂತ ಗೊಣಗಿಕೊಂಡು ತಿರುಗ್ತಿದ್ರೆ ನಗಬೇಡಿ. ಅವರು ವೈಜ್ಞಾನಿಕವಾಗೇ ಹುಡುಕ್ತಿದ್ದಾರೆ.

ಕೆಲವು ಮನೆಗಳಲ್ಲಿ ಕಾರ್ತವೀರ್ಯಾರ್ಜುನನ ಶ್ಲೋಕ ಹೇಳ್ತಾರೆ. ಕೆಲವರು ಸೆರಗಿಗೋ ಟವೆಲ್ಲಿಗೋ ಗಂಟು ಹಾಕ್ತಾರೆ. ನಂಬಿಕೆ ಅವರವರದು. ನನಗೆ ಅನ್ಸೋದು, ಗಂಟು ಹಾಕೋಕೆ ಕೂತಷ್ಟು ಹೊತ್ತು ಮನುಷ್ಯ ಓಡಾಡೋದು ನಿಲ್ಲಿಸ್ತಾನೆ, ಉಸಿರು ಸಮ ಆಗ್ತದೆ. ಗಾಬರಿಯಲ್ಲಿ ಒಂದೇ ಕಪಾಟು ಐದು ಸಲ ತೆಗೆದು ನೋಡೋದಕ್ಕಿಂತ ಅದು ವಾಸಿ.

ಇನ್ನೊಂದು ಎಲ್ಲರ ಅನುಭವ: ಅಡುಗೆಮನೆಯಿಂದ ಪಡಸಾಲೆಗೆ ಬಂದು "ನಾ ಯಾಕ ಬಂದೆ?" ಅಂತ ನಿಲ್ಲೋದು. ಗೇಬ್ರಿಯಲ್ ರಾಡ್ವಾನ್ಸ್ಕಿ ಅನ್ನೋರ ತಂಡ 2011ರಲ್ಲಿ ತೋರಿಸಿದ್ದು, ಬಾಗಿಲು ದಾಟಿದಾಗ ಮನಸ್ಸು ಹಿಂದಿನ ಕೋಣೆಯ ಫೈಲ್ ಮುಚ್ಚಿ ಹೊಸ ಫೈಲ್ ತೆಗೀತದೆ ಅಂತ. ಮುಂದೆ ನಡೆದ ಬೇರೆ ಪ್ರಯೋಗಗಳು, ತಲೆಯಲ್ಲಿ ಆಗಲೇ ಬೇರೆ ಹೊರೆ ಇದ್ದಾಗ ಮಾತ್ರ ಇದು ಕಾಣಿಸ್ತದೆ ಅಂದ್ವು. ಒಲೆ ಮೇಲೆ ಹಾಲು, ಕೈಯಲ್ಲಿ ಫೋನು, ಕಿವಿಯಲ್ಲಿ ನಮ್ಮ ಪಾಡ್‌ಕಾಸ್ಟ್ ಇದ್ರೆ ಹೊರೆ ಇದ್ದೇ ಇರ್ತದೆ ಬಿಡಿ.

ಈಗ ಅಸಲಿ ವಿಷಯಕ್ಕೆ. ದಿನಾ ಬಳಸೋ ಸಾಮಾನು ಕಳೆದ್ರೂ ಹತ್ತು ನಿಮಿಷಕ್ಕೆ ಸಿಗ್ತದೆ. ನಿಜವಾಗಿ ಸಿಗದೇ ಇರೋದು ಯಾವುದು? ನಾವು ಜತನ ಮಾಡಿ ಇಟ್ಟಿದ್ದು.

"ಇದು ಕಳೀಬಾರದು" ಅಂತ ಅಂದುಕೊಂಡು, ಯಾರ ಕೈಗೂ ಸಿಗದ ಹಾಗೆ, ಯಾರಿಗೂ ತೋಚದ ಜಾಗದಲ್ಲಿ ಇಡ್ತೀವಲ್ಲ, ಅದು. ಜೋಳದ ಡಬ್ಬಿಯಲ್ಲಿ ಉಂಗುರ, ಹಳೇ ಸೀರೆ ಮಡಿಕೆಯಲ್ಲಿ ಬಾಂಡ್ ಪೇಪರು, ದೇವರ ಫೋಟೋ ಹಿಂದೆ ರಸೀದಿ. ಇಡುವಾಗ ಖಾತ್ರಿ ಇರ್ತದೆ: ಇಂಥ ವಿಶೇಷ ಜಾಗ ಹೆಂಗ ಮರೀತದ? ಯೂಜೀನ್ ವಿನೋಗ್ರಾಡ್ ಮತ್ತು ರಾಬರ್ಟ್ ಸೊಲೊವೇ 1986ರಲ್ಲಿ ಇದನ್ನೇ ಪರೀಕ್ಷಿಸಿದ್ರು. ವಿಚಿತ್ರ ಜಾಗದಲ್ಲಿ ಇಟ್ಟ ವಸ್ತು ಹೆಚ್ಚು ನೆನಪಿರ್ತದೆ ಅಂತ ಜನ ನಂಬ್ತಾರೆ, ಆದ್ರೆ ಮಾಮೂಲಿ ಜಾಗದಲ್ಲಿ ಇಟ್ಟಿದ್ದೇ ಹೆಚ್ಚು ನೆನಪಿರ್ತದೆ ಅಂತ ಗೊತ್ತಾಯ್ತು. ಕಾರಣ ಸರಳ. ಹುಡುಕುವಾಗ ನಮ್ಮ ಕೈಯಲ್ಲಿರೋ ದಾರ ಒಂದೇ, ಆ ವಸ್ತು. ಉಂಗುರ ಅಂದ್ರೆ ಪೆಟ್ಟಿಗೆ, ತಿಜೋರಿ ನೆನಪಾಗ್ತದೆ. ಉಂಗುರ ಅಂದ್ರೆ ಜೋಳ ಯಾಕೆ ನೆನಪಾಗಬೇಕು? ಕಳ್ಳನಿಗೆ ತೋಚಬಾರದು ಅಂತ ಇಟ್ಟಿದ್ದು ನಮಗೂ ತೋಚಲ್ಲ.

ಅದೇ 1986ರಲ್ಲಿ ಚಿತ್ತಾಪುರ ತಾಲೂಕಿನಲ್ಲೇ ಒಂದು ಸಾಮಾನು ಸಿಕ್ತು. ಭೀಮಾ ದಂಡೆಯ ಸನ್ನತಿ, ಚಂದ್ರಲಾಂಬಾ ಗುಡಿ. ಆ ಆವರಣದ ಕಾಳಿ ಗುಡಿಯ ಚಾವಣಿ ಕುಸಿದು ವಿಗ್ರಹ ಒಡೀತು. ಕೆಳಗೆ ನೋಡಿದ್ರೆ ವಿಗ್ರಹದ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ! ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಅಂದ್ರೆ ಎರಡು ಸಾವಿರ ವರ್ಷಕ್ಕೂ ಹಳೆಯ ಒಂದು ದಾಖಲೆ ಯಾರ ಕಣ್ಣಿಗೂ ಮರೆಯಾಗಿರಲಿಲ್ಲ, ದಿನಾ ಪೂಜೆ ಆಗೋ ಜಾಗದಲ್ಲೇ ಇತ್ತು, ಬೇರೆ ಕೆಲಸಕ್ಕೆ ನಿಂತಿತ್ತು ಅಷ್ಟೆ. ಪೇಪರ್ ಕೆಳಗಿನ ಚಾರ್ಜರಿನ ಕಥೆನೇ, ಸ್ವಲ್ಪ ದೊಡ್ಡ ಅಳತೆಯಲ್ಲಿ.

ಹಳೇ ಮನೆಗಳಲ್ಲಿ ಸಾಮಾನು ಇಷ್ಟು ಕಳೀತಿರಲಿಲ್ಲ ಅಂತಾರೆ ಹಿರಿಯರು. ಅದರಲ್ಲಿ ಅರ್ಧ ನಿಜ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಹಳೇ ಕಲ್ಲಿನ ಮನೆ ನೋಡಿದವರಿಗೆ ಗೊತ್ತು. ದಪ್ಪ ಗೋಡೆ, ಗೋಡೆಯೊಳಗೆ ಮಾಡ. ದೀಪಕ್ಕೆ ಒಂದು ಮಾಡ, ಅದರ ಮಗ್ಗಲೇ ಕಡ್ಡಿಪೆಟ್ಟಿಗೆ. ಕುಡಗೋಲು ಜಂತಿ ಸಂದಿಯಲ್ಲಿ. ಬಾರಕೋಲು ಗೂಟಕ್ಕೆ. ಹಾಲು, ಬೆಣ್ಣೆ ನೆಲುವಿನ ಮೇಲೆ. ಕರೆಂಟ್ ಇಲ್ಲದ ರಾತ್ರಿ ಮುತ್ಯಾ ಕತ್ತಲಲ್ಲಿ ಕೈ ಚಾಚಿದ್ರೆ ಕಡ್ಡಿಪೆಟ್ಟಿಗೆ ಕೈಗೆ ಬರ್ತಿತ್ತು, ಬರಲೇಬೇಕಿತ್ತು, ಯಾಕಂದ್ರೆ ದೀಪ ಹಚ್ಚದೆ ದೀಪ ಹಚ್ಚೋ ಕಡ್ಡಿ ಹುಡುಕೋಕೆ ಆಗಲ್ಲ. ಉಳಿದರ್ಧ ಏನು ಅಂದ್ರೆ, ಆವಾಗ ಮನೆಯಲ್ಲಿ ಸಾಮಾನೇ ಇರಲಿಲ್ಲ. ಎರಡು ಕುಡಗೋಲು, ನಾಲ್ಕು ಗಡಿಗೆ ಇದ್ದ ಮನೆಯಲ್ಲಿ ಏನು ಕಳೀತದೆ? ಬಡತನವನ್ನ ಶಿಸ್ತು ಅಂತ ಹೊಗಳೋದು ಬೇಡ.

ಈಗಿನ ಮನೆಯಲ್ಲಿ ಮಾಡ ಇಲ್ಲ, ಗೂಟ ಇಲ್ಲ. ಅದರ ಜಾಗಕ್ಕೆ ಒಂದು ಪ್ಲಾಸ್ಟಿಕ್ ಕುರ್ಚಿ ಬಂದಿದೆ. ನಿಮ್ಮ ಮನೆಯಲ್ಲೂ ಇರ್ತದೆ, ಯಾರೂ ಕೂರದ ಕುರ್ಚಿ, ಅದರ ಮೇಲೆ ಬಟ್ಟೆ, ಬ್ಯಾಗು, ಹೆಲ್ಮೆಟ್ಟು. ಜಾಗ ಇಲ್ಲದ ಸಾಮಾನುಗಳಿಗೆಲ್ಲ ಅದೇ ಜಾಗ.

ಹಾಗಾದ್ರೆ ಯಾವುದು ಎಲ್ಲಿದೆ ಅನ್ನೋ ಲೆಕ್ಕ ಈಗ ಯಾರ ಹತ್ರ ಇದೆ? ಗೋಡೆಯಿಂದ ಅದು ಒಬ್ಬ ಮನುಷ್ಯಳ ತಲೆಗೆ ಬಂದಿದೆ. ಬಹಳ ಮನೆಗಳಲ್ಲಿ ಅವ್ವ, ಇಲ್ಲಾ ವೈನಿ, ಇಲ್ಲಾ ಹಿರಿ ಮಗಳು. ಮಗನ ಚಾರ್ಜರ್, ಗಂಡನ ಪಾಸ್‌ಬುಕ್ಕು, ಅತ್ತೆಯ ಬಿಪಿ ಗುಳಿಗೆ, ಹೊಲದ ಪಹಣಿ, ಕೂಸಿನ ಚುಚ್ಚುಮದ್ದಿನ ಕಾರ್ಡು, ಎಲ್ಲಾ ಆಕೆಯ ತಲೆಯಲ್ಲಿ. ನಾವು ಗೂಗಲ್‌ಗೆ ಕೇಳಿದ ಹಾಗೆ ಕೇಳ್ತೀವಿ, ಆಕೆ ಉತ್ತರ ಕೊಡ್ತಾಳೆ. ತೊಗರಿ ಹೊಲದಲ್ಲಿದ್ರೂ ಫೋನ್ ಮಾಡಿ ಕೇಳ್ತೀವಿ. ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯೋಕೆ ಹೋದ ಮನೆಗಳಲ್ಲಂತೂ ಕೀಲಿಕೈ ಬಾಜು ಮನೆಯವರ ಹತ್ರ ಇರ್ತದೆ, ಯಾವುದೋ ಕಾಗದ ಬೇಕಾದಾಗ ಅಲ್ಲಿಂದ ಫೋನು: "ಕಾಕಾ, ಜರಾ ಕೀಲಿ ತೆಗೀರಿ. ಟ್ರಂಕಿನಾಗ ತಳಕ್ಕ ಒಂದು ಕ್ಯಾರಿಬ್ಯಾಗ್ ಅದ, ಅದರಾಗ ಇನ್ನೊಂದು ಕ್ಯಾರಿಬ್ಯಾಗ್ ಅದ."

ಇದು ಕೆಲಸ ಅಂತ ಯಾರೂ ಲೆಕ್ಕ ಹಿಡಿಯಲ್ಲ. ಸಾಮಾನು ಸಿಕ್ಕರೆ ಯಾರೂ ಶಾಬಾಸ್ ಅನ್ನಲ್ಲ, ಸಿಗದಿದ್ರೆ ಬೈಗುಳ ಮಾತ್ರ ಆಕೆಗೆ. "ಮನ್ಯಾಗ ಒಂದು ಸಾಮಾನು ನೆಟ್ಟಗ ಇಡಾಕ್ ಬರಲ್ಲ" ಅಂತ ಕೂಗೋ ಗಂಡಸು, ಆ ಸಾಮಾನು ಕೊನೆಗೆ ತಾನೇ ಬಳಸಿ ಎಲ್ಲೋ ಬಿಸಾಕಿದ್ದನ್ನ ಮರೆತಿರ್ತಾನೆ. ಕೇಳ್ತಿರೋ ಹುಡುಗರು ಇದನ್ನ ಜರಾ ಗಮನ ಇಟ್ಟು ಕೇಳಿ.

ಬೈಗುಳಕ್ಕಿಂತ ಕೆಟ್ಟದ್ದು ಒಂದಿದೆ, ಸಂಶಯ. ಬಂಗಾರದ ಓಲೆ ಸಿಗಲಿಲ್ಲ. ಸೊಸೆ ತವರಿಗೆ ಹೋಗಿ ಬಂದಿದ್ದಳು. ಮನೆ ಕೆಲಸಕ್ಕೆ ಒಬ್ಬಳು ಬರ್ತಿದ್ದಳು. ಮಾತು ಶುರು ಆಗ್ತದೆ. ಮೂರು ತಿಂಗಳ ಮೇಲೆ ಓಲೆ ಅಕ್ಕಿ ಡಬ್ಬಿಯಲ್ಲಿ ಸಿಗ್ತದೆ, ಅಷ್ಟರಲ್ಲಿ ಕೆಲಸದಾಕೆ ಬೇರೆ ಊರು ಸೇರಿರ್ತಾಳೆ. ಓಲೆ ಸಿಕ್ಕ ಸುದ್ದಿ ಆಕೆಗೆ ಯಾರು ಹೇಳ್ತಾರೆ?

ಮನೆಯ ವಯಸ್ಸಾದವರ ಬಗ್ಗೆ ಒಂದು ಮಾತು, ಇದು ಗಂಭೀರ. ಚಸ್ಮಾ ಎಲ್ಲಿಟ್ಟೆ ಅಂತ ಮರೆಯೋದು ಎಲ್ಲಾ ವಯಸ್ಸಿನಲ್ಲೂ ಇದೆ, ಅದು ಕಾಯಿಲೆ ಅಲ್ಲ. ಆದ್ರೆ ಆಯಿ ಚಸ್ಮಾವನ್ನ ಹಿಟ್ಟಿನ ಡಬ್ಬಿಯಲ್ಲಿ ಇಟ್ಟಿರ್ತಾಳೆ, ಸಿಕ್ಕ ಮೇಲೂ ಅದು ಅಲ್ಲಿಗೆ ಹೇಗೆ ಹೋಯ್ತು ಅಂತ ಆಕೆಗೆ ಹಿಂದಕ್ಕೆ ಹೋಗಿ ನೆನಪು ಮಾಡ್ಕೊಳ್ಳೋಕೆ ಆಗಲ್ಲ. "ಯಾರೋ ನನ್ನ ಸಾಮಾನು ಕದೀಲತ್ತಾರ" ಅಂತ ಪದೇ ಪದೇ ಹೇಳ್ತಾಳೆ. ಜೊತೆಗೆ ದಿನಾ ಮಾಡೋ ಅಡುಗೆ ಗೊಂದಲ ಆಗ್ತದೆ, ಇವತ್ತು ಯಾವ ದಿನ ಅನ್ನೋದು ತಪ್ತದೆ. ಇವೆಲ್ಲ ಸೇರಿ ಹೆಚ್ಚಾಗ್ತಾ ಹೋದ್ರೆ ಅದು ಮುಪ್ಪಿನ ಮಂಕು ಅಂತ ಬಿಡಬಾರದು, ಡಾಕ್ಟರಿಗೆ ತೋರಿಸಬೇಕು. ಕೆಲವು ಸಲ ಥೈರಾಯ್ಡ್, ವಿಟಮಿನ್ ಬಿ12 ಕೊರತೆ ಥರದ, ಔಷಧಿಗೆ ಬಗ್ಗೋ ಕಾರಣವೂ ಇರ್ತದೆ. ಹಿರಿಯರಿಗಾಗಿ ಇರೋ ರಾಷ್ಟ್ರೀಯ ಸಹಾಯವಾಣಿ 14567. ಆಕೆ ಕಳ್ಳತನದ ಮಾತು ಆಡಿದಾಗ ವಾದಕ್ಕೆ ಇಳಿಯಬೇಡಿ. "ಬಾ ಆಯಿ, ಇಬ್ಬರೂ ಹುಡ್ಕಮು" ಅನ್ನಿ. ಮನೆಯ ಸೊಸೆಗೂ ಬೇರೆಯಾಗಿ ಹೇಳಿ, ಇದು ಕಾಯಿಲೆ ಆಡಿಸೋ ಮಾತು ಅಂತ.

ಈಗ ನದಿಗೆ ವಾಪಸ್ ಬರೋಣ.

ಕಾಗಿಣಾ ತೆಲಂಗಾಣದ ಕಡೆಯಿಂದ ಬರ್ತದೆ. ಮೇಲೆ ಮಳೆ ಜೋರಾದ್ರೆ, ಬೆಣ್ಣೆತೊರಾ ಜಲಾಶಯದಿಂದ ನೀರು ಬಿಟ್ರೆ, ನಮ್ಮ ಊರಲ್ಲಿ ಬಿಸಿಲಿದ್ರೂ ನದಿ ಏರಬಹುದು. 2020ರ ಅಕ್ಟೋಬರ್‌ನಲ್ಲಿ ಭೀಮಾ ಮತ್ತು ಕಾಗಿಣಾ ಎರಡೂ ತುಂಬಿ ಹರಿದದ್ದು ಆ ಭಾಗದ ಯಾರೂ ಮರೆತಿಲ್ಲ. ನೀರು ಹೊಸ್ತಿಲಿಗೆ ಬಂದಾಗ ಮನೆಯವರಿಗೆ ಸಿಗೋದು ಕೆಲವೇ ನಿಮಿಷ. ಮಕ್ಕಳು, ಮುದುಕರು, ದನ, ಎಲ್ಲಾ ಆಚೆ ಸಾಗಿಸೋದು ಮೊದಲು. ಆಮೇಲೆ ಕಾಗದ. ಆ ಲೆಕ್ಕ ಒಬ್ಬಳ ತಲೆಯಲ್ಲೇ ಇದ್ದು, ಆಕೆ ಅವತ್ತು ತವರಿನಲ್ಲೋ ಆಸ್ಪತ್ರೆಯಲ್ಲೋ ಇದ್ರೆ, ಮನೆಗೆ ಕಣ್ಣೇ ಇಲ್ಲ.

ಯಾವ ಕಾಗದ ಅಂತೀರಾ? 2023ರ ಜನವರಿ 19ರಂದು ಇದೇ ಕಾಗಿಣಾ ದಂಡೆಯ ಮಳಖೇಡದಲ್ಲಿ, ಅಂದ್ರೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದಲ್ಲಿ, ಪ್ರಧಾನಿ ಬಂದು ಸುಮಾರು 50 ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ಕೊಡೋ ಕಾರ್ಯಕ್ರಮ ಆಯ್ತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ತಾಂಡಾ, ಹಟ್ಟಿಗಳ ಜನ. ಕಂದಾಯ ಗ್ರಾಮ ಅಂತ ಘೋಷಣೆ ಆಗೋ ತನಕ ತಾವು ಇದ್ದ ಮನೆ ತಮ್ಮದು ಅಂತ ತೋರಿಸೋಕೆ ಅವರ ಹತ್ರ ಕಾಗದ ಇರಲಿಲ್ಲ. ಅಷ್ಟು ಕಾದು ಬಂದ ಹಾಳೆಯನ್ನ ಮನೆಯವರು ಜತನ ಮಾಡಿ ಇಡದೇ ಇರ್ತಾರಾ? ಅದೇ ಭಯ ನನಗೆ.

ಎರಡನೇದು 371(ಜೆ) ಪ್ರಮಾಣಪತ್ರ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯಲ್ಲಿ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಈ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಮೀಸಲು. ಸರ್ಕಾರಿ ನೌಕರಿಯಲ್ಲೂ ಮೀಸಲಾತಿ ಇದೆ. ಒಂದು ಹಾಳೆ, ಸಹಾಯಕ ಆಯುಕ್ತರ ಸಹಿ. ಪಿಯುಸಿ ಮುಗಿಸಿ ಸಿಇಟಿ ಬರೆದ ಹುಡುಗಿಗೆ ದಾಖಲೆ ಪರಿಶೀಲನೆಯ ಹಿಂದಿನ ರಾತ್ರಿ ಆ ಹಾಳೆ ಸಿಗದಿದ್ರೆ ಇಡೀ ಮನೆ ಹೆಂಗಿರ್ತದೆ ಊಹಿಸಿ. ರ‍್ಯಾಂಕ್ ಇದೆ, ಹಕ್ಕಿದೆ, ತೋರಿಸೋಕೆ ಕಾಗದ ಇಲ್ಲ.

ಮೂರನೇದು ಹಳೇ ಜಮೀನಿನ ಕಾಗದ. ಈ ಸೀಮೆ 1948ರ ತನಕ ನಿಜಾಮರ ಆಡಳಿತದಲ್ಲಿತ್ತು, ಹಳೇ ಮನೆಗಳಲ್ಲಿ ಉರ್ದುವಿನಲ್ಲಿ ಬರೆದ ಕಾಗದ ಇನ್ನೂ ಇರ್ತವೆ. ಮನೆಯಲ್ಲಿ ಯಾರಿಗೂ ಓದೋಕೆ ಬರಲ್ಲ, ಹಂಗಾಗಿ ರದ್ದಿ ಜೊತೆ ಸೇರ್ತದೆ. ಪಹಣಿ ಈಗ ಭೂಮಿ ತಂತ್ರಾಂಶದಲ್ಲಿ ಸಿಗ್ತದೆ, ನಿಜ. ಆದ್ರೆ ಮುತ್ಯಾನ ಕಾಲದ ಮೂಲ ಕಾಗದ ಹೋದ್ರೆ ಅದಕ್ಕೆ ಡೌನ್‌ಲೋಡ್ ಬಟನ್ ಇಲ್ಲ.

ಹಾಗಾದ್ರೆ ಏನು ಮಾಡೋದು? ಇದು ಹಿರಿಯರ ಕೆಲಸಕ್ಕಿಂತ ನಿಮ್ಮ ಕೆಲಸ, ಸ್ಮಾರ್ಟ್‌ಫೋನ್ ಇರೋರ ಕೆಲಸ. ಒಂದು ಭಾನುವಾರ ಕೂತ್ಕೊಳ್ಳಿ. ಅವ್ವನ ಜೊತೆ ಕೂತ್ಕೊಳ್ಳಿ, ಆಕೆ ಇಲ್ಲದಾಗ ಕಪಾಟು ತೆಗೆದು ಎಲ್ಲಾ ಚೆಲ್ಲಾಪಿಲ್ಲಿ ಮಾಡಬೇಡಿ. ಆಕೆ ಹೇಳ್ತಾ ಹೋಗಲಿ, ನೀವು ತೆಗೀತಾ ಹೋಗಿ. ಪ್ರತಿ ಕಾಗದವನ್ನ ಕಿಟಕಿ ಬೆಳಕಲ್ಲಿ ಸಪಾಟಾಗಿ ಇಟ್ಟು ಫೋಟೋ ತೆಗೀರಿ, ಹಿಂದೂ ಮುಂದೂ. ನಾಡಕಚೇರಿಯ ಪ್ರಮಾಣಪತ್ರಗಳ ಮೇಲೆ ಆರ್‌ಡಿ ನಂಬರ್ ಇರ್ತದೆ, ಅದು ಸ್ಪಷ್ಟ ಕಾಣಬೇಕು. ಜಾತಿ, ಆದಾಯ ಪ್ರಮಾಣಪತ್ರದ ಹಾಳೆ ಕಳೆದ್ರೂ ಆ ನಂಬರ್ ಇದ್ರೆ ದಾರಿ ಸಲೀಸು. ಆಧಾರ್ ಥರದ್ದು ಡಿಜಿಲಾಕರ್‌ನಲ್ಲಿ ಸಿಗ್ತದೆ, 2015ರಿಂದ ಇದೆ ಅದು. ಆದ್ರೆ ನಲವತ್ತು ಜನರ ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿಗೆ ಎಲ್ಲರ ಆಧಾರ್, ಪಾಸ್‌ಬುಕ್ ಫೋಟೋ ಹಾಕಬೇಡಿ. ಅದು ಜತನ ಅಲ್ಲ, ಹಂಚೋದು.

ಮೂಲ ಕಾಗದಗಳನ್ನ ಜಿಪ್ ಇರೋ ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಒಂದೇ ಚೀಲ, ಕಣ್ಣಿಗೆ ಹೊಡೆಯೋ ಬಣ್ಣದ್ದು. ಹಳೇ ಕಾಗದಕ್ಕೆ ಲ್ಯಾಮಿನೇಷನ್ ಬೇಡ, ಬಿಸಿ ಮತ್ತು ಅಂಟು ಸೇರಿ ಕಾಗದ ಹಾಳಾಗ್ತದೆ, ಮತ್ತೆ ಬಿಡಿಸೋಕೆ ಬರಲ್ಲ. ಕಾಗದ ಒದ್ದೆ ಆಗಿದ್ರೆ ಇಸ್ತ್ರಿ ಹಾಕಬೇಡಿ, ಬಿರುಬಿಸಿಲಿಗೂ ಇಡಬೇಡಿ. ನೆರಳಲ್ಲಿ, ಫ್ಯಾನ್ ಗಾಳಿಗೆ, ಸ್ವಚ್ಛ ಬಟ್ಟೆ ಮೇಲೆ ಹರಡಿ. ಒಂದಕ್ಕೊಂದು ಅಂಟಿದ ಹಾಳೆಗಳನ್ನ ಎಳೀಬೇಡಿ. ಎರಡು ದಿನದೊಳಗೆ ಒಣಗಿಸೋಕೆ ಆಗದಿದ್ರೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಫ್ರೀಜರ್‌ನಲ್ಲಿ ಇಟ್ರೆ ಬೂಷ್ಟು ಹಿಡಿಯಲ್ಲ. ವಿಚಿತ್ರ ಅನ್ಸಬಹುದು, ಆದ್ರೆ ಪತ್ರಾಗಾರದವರು ಮಾಡೋದೂ ಅದನ್ನೇ.

ಚೀಲ ಎಲ್ಲಿ ಇಡೋದು? ಯಾರಿಗೂ ತೋಚದ ಜಾಗದಲ್ಲಿ ಅಲ್ಲ. "ಕಾಗದ" ಅಂದ ತಕ್ಷಣ ಮನೆಯವರಿಗೆಲ್ಲ ನೆನಪಾಗೋ ಜಾಗದಲ್ಲಿ. ಕಳ್ಳರ ಭಯ ಇದ್ರೆ ಬಂಗಾರ ಬೇರೆ ಇಡಿ, ಪಹಣಿ ಕದಿಯೋಕೆ ಯಾರೂ ಬರಲ್ಲ. ನದಿ ದಂಡೆಯ ಊರಾದ್ರೆ ಮಂಚದ ಕೆಳಗಿನ ಟ್ರಂಕು ಬೇಡ, ನೀರು ಮೊದಲು ಮುಟ್ಟೋದೇ ಅದನ್ನ. ಎತ್ತರದ ಗೂಟಕ್ಕೆ ತೂಗುಹಾಕಿ, ಇಲ್ಲಾ ಬಾಗಿಲ ಹತ್ತಿರದ ನಾಗೊಂದಿ ಮೇಲೆ ಇಡಿ. ಮನೆಯ ಎಲ್ಲರಿಗೂ ತೋರಿಸಿ, ಹತ್ತು ವರ್ಷದ ತಂಗಿಗೂ. ಆಮೇಲೆ ಒಂದು ದಿನ ಸುಮ್ಮನೆ ಪರೀಕ್ಷೆ ಮಾಡಿ: ಅವ್ವ ಬಾಯಿ ಬಿಡಂಗಿಲ್ಲ, ಉಳಿದವರು ಚೀಲ ತಂದುಕೊಡಬೇಕು, ಐದು ನಿಮಿಷ. ಅಪ್ಪ ಎಲ್ಲೆಲ್ಲಿ ಹುಡುಕ್ತಾರೆ ಅಂತ ನೋಡೋಕೆ ಆಕೆಗೂ ಮಜಾ ಇರ್ತದೆ.

ಚಿತ್ತಾಪುರ, ಸೇಡಂ, ಶಹಾಬಾದ್, ವಾಡಿ, ಚಿಂಚೋಳಿ ಕಡೆಯ ಕೇಳುಗರು ಯಾರಾದ್ರೂ ಇದ್ರೆ, ಪ್ರವಾಹದ ದಿನ ನಿಮ್ಮ ಮನೆಯಿಂದ ಕೈಗೆ ತಗೊಂಡು ಹೊರಬಿದ್ದ ಮೊದಲ ಸಾಮಾನು ಯಾವುದು ಅಂತ ಒಂದು ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಕಂತಿನಲ್ಲಿ ಕೇಳಿಸ್ತೀವಿ. ನಿಮ್ಮ ಮಾತಿನಲ್ಲೇ ಹೇಳಿ, ಪುಸ್ತಕದ ಕನ್ನಡ ಬೇಕಾಗಿಲ್ಲ. ನಮಸ್ಕಾರ, ಬರ್ತೀನ್ರಿ.